ಗಾಳಿ ನುಸುಳದ ಗಾಡಿ

ನವೆಂಬರ್ 26, 1978. ರವಿವಾರ. ಇಳಕಲ್ಲ.

ಗಾಡಿ ಮನೆಗೆ ಬಂತು. ಹುನಗುಂದದಿಂದ ಇಲ್ಲಿಯವರೆಗೆ ಮೇಸ್ತ್ರಿ ಮಲೀಕಸಾಬನೇ ನಡೆಸಿದ. ನಾನು ಪಕ್ಕದಲ್ಲಿ ಕುಳಿತು, ದಾರಿಯಲ್ಲಿ ಪರಿಚಯದವರು ಯಾರಾದರೂ ಕಾಣುತ್ತಾರೇನೋ ಎಂದು ಕತ್ತು ಹೊರಗೆ ಹಾಕಿದ್ದೇ ಬಂತು. ಬೇಕಾದಾಗ ಒಬ್ಬನೂ ಕಾಣಲಿಲ್ಲ. ನಮ್ಮ ಓಣಿಗೆ ಹೊಕ್ಕ ಮೇಲೆ ಮಾತ್ರ ಅರ್ಧ ಊರು ನೆರೆಯಿತು.

ಇದು ಬರೀ ಗಾಡಿಯಲ್ಲ, ಗಾಲಿ ಹಚ್ಚಿದ ಮನೆ. ಮೂರು ವರ್ಷದ ಹಿಂದೆ ಬಾದಾಮಿ ಗುಹೆ ನೋಡಲು ಬಂದಿದ್ದ ಪರದೇಶದ ಗಂಡಹೆಂಡತಿ ಇದರಲ್ಲೇ ಉಂಡು, ಇದರಲ್ಲೇ ಮಲಗಿ ದೇಶ ಸುತ್ತುತ್ತಿದ್ದರಂತೆ. ಎಂಜಿನ್ನು ಕೈಕೊಟ್ಟಾಗ ಬಿಟ್ಟು ಹೋದರು. ಹರಾಜಿನಲ್ಲಿ ಹಿಡಿದ ಮಲೀಕಸಾಬ ಬೇರೆ ಎಂಜಿನ್ನು ಕೂಡಿಸಿದ್ದಾನೆ. ಒಳಗೆ ಮಡಚುವ ಮಂಚ, ಅಡಿಗೆಗೆ ಪುಟ್ಟ ಕಟ್ಟೆ, ಡಬ್ಬಿ ಇಡಲು ಗೂಡು. ಛಾವಣಿಯನ್ನು ಕೊಡೆಯ ಹಾಗೆ ಮೇಲಕ್ಕೆತ್ತಬಹುದು. "ಮಲಗೂ ಮುಂದ ಇದನ್ನ ಎತ್ತಿ ಮಲಗ್ರಿ, ಒಳಗ ಉಸರು ಕಟ್ಟತೈತಿ," ಎಂದು ಎರಡೆರಡು ಸಲ ಹೇಳಿದ. ಮಾರಿದವನಿಗೆ ಹೇಳಲು ಏನಾದರೂ ಬೇಕಲ್ಲ.

ಎದುರು ಮನೆಯ ಹುಲ್ಲಪ್ಪ ಮಗ್ಗದಿಂದ ಎದ್ದು ಬಂದು ಗಾಡಿಯನ್ನು ಮೂರು ಸುತ್ತು ಹಾಕಿದ. "ಏನ್ಲೇ ಅಮಾತೆಪ್ಪಾ, ಮಗ್ಗಕ್ಕ ಗಾಲಿ ಹಚ್ಚಿದಿ ಏನು? ಇನ್ನ ಊರೂರಿಗೆ ಹೋಗಿ ನೇಯ್ಯಾಂವೇನು?" ಎಂದ. ಎಲ್ಲರೂ ನಕ್ಕರು. ನಗಲಿ. ನಗುವವರ ಹಲ್ಲು ಕಾಣುತ್ತದೆ, ನನ್ನದೇನು ಹೋಗುತ್ತದೆ.

ಸೀರೆ ಹೇರಿಕೊಂಡು ಸಂತೆಗೆ ಹೋಗಲು ಕೊಂಡೆ ಎಂದು ಹೇಳಿದ್ದೇನೆ. ಖರೆ ಕಾರಣ ಬೇರೆ. ಎರಡು ವರ್ಷದ ಹಿಂದೆ ನನ್ನ ಮಗಳು ಸಾವಿತ್ರೆವ್ವನ ಚೊಚ್ಚಲ ಕೂಸು ಎರಡು ತಿಂಗಳಿಗೇ ತೀರಿತು. ಗಂಡನ ಮನೆಗೆ ಬಸ್ಸಿನಲ್ಲಿ ಕಳಿಸಿದ್ದೆ. ಕಿಟಕಿಗೆ ಗಾಜಿರಲಿಲ್ಲ. ಥಂಡಿ ಗಾಳಿ ಬಡಿದು ಕೂಸಿನ ಎದೆ ಕಟ್ಟಿತು. ಟಿಕೀಟು ತೆಗೆದು ಕೂಡಿಸಿ ಬಂದವನು ನಾನು. ಈಗ ಎರಡನೆಯದು, ಹೆಣ್ಣು, ಮೂರು ತಿಂಗಳು ತುಂಬುತ್ತ ಬಂದಿದೆ. ನಮ್ಮವ್ವ ಬನಶಂಕರಿಗೆ ಹರಕೆ ಹೊತ್ತಿದ್ದಾಳೆ: ಕೂಸನ್ನು ದೇವಿಯ ಪಾದಕ್ಕೆ ಹಾಕುವ ಮೊದಲು ಐದು ರಾತ್ರಿ ಯಾರ ಮನೆಯ ಸೂರಿನಡಿಯೂ ಮಲಗದೆ ಹೊರಗೆ ಬಿಡಾರ ಇರಬೇಕು. ಬಾಣಂತಿಯನ್ನು ಈ ಥಂಡಿಯಲ್ಲಿ ಬಯಲಿಗೆ ಹಾಕುವುದು ಹೇಗೆ? ಗಾಡಿ ಯಾರ ಮನೆಯೂ ಅಲ್ಲ, ಬಯಲೂ ಅಲ್ಲ. ಈ ಉಪಾಯ ಹೊಳೆದದ್ದು ನನಗೆ. ಈ ಕೂಸಿಗೆ ಮಾತ್ರ ಗಾಳಿ ತಾಗಗೊಡುವುದಿಲ್ಲ.

ಡಿಸೆಂಬರ್ 3. ರವಿವಾರ.

ವಾರವಿಡೀ ಮಗ್ಗ ಮುಟ್ಟಿಲ್ಲ. ಹೊರಗೆ ಚೆಂದ ಕಂಡರೂ ಗಾಡಿ ಜರಡಿಯಾಗಿದೆ. ಕಿಟಕಿಯ ರಬ್ಬರು ಹರಿದಿದೆ, ನೆಲದಲ್ಲಿ ತುಕ್ಕಿನ ತೂತು, ಛಾವಣಿ ಕೂಡುವಲ್ಲಿ ಬೆರಳು ತೂರುವಷ್ಟು ಸಂದು. ದೀಪ ಹಚ್ಚಿ ಒಂದೊಂದು ಸಂದಿನ ಹತ್ತಿರ ಹಿಡಿದು ನೋಡಿದೆ. ಕುಡಿ ಅಲುಗಿದಲ್ಲೆಲ್ಲ ಸುಣ್ಣದಿಂದ ಗುರುತು ಮಾಡಿದೆ. ನಲವತ್ತೊಂದು ಗುರುತು ಆದವು.

ನೇಕಾರನಿಗೆ ಈ ಕೆಲಸ ಯಾರೂ ಕಲಿಸಬೇಕಾಗಿಲ್ಲ. ಒಣ ಗಾಳಿ ಮಗ್ಗದ ಕೋಣೆಗೆ ಹೊಕ್ಕರೆ ಹಾಸಿನ ಎಳೆಗಳು ಪಟಪಟ ಹರಿಯುತ್ತವೆ. ಅದಕ್ಕೇ ನಾವು ಕಿಟಕಿಯ ಸಂದುಗಳಿಗೆ ಹಳೆಯ ಬಟ್ಟೆಯ ಪಟ್ಟಿಗಳನ್ನು ಗಂಜಿಯಲ್ಲಿ ಅದ್ದಿ ಅಂಟಿಸುತ್ತೇವೆ, ಒಂದರ ಮೇಲೊಂದು ಮೂರು ಸುತ್ತು. ಒಣಗಿದ ಮೇಲೆ ಅದು ತೊಗಲಿನಷ್ಟು ಗಟ್ಟಿ. ನಮ್ಮಪ್ಪ ಮುಚ್ಚಿದ ಕೋಣೆಯಲ್ಲಿ ದೀಪದ ಕುಡಿ ಅಲುಗುತ್ತಿರಲಿಲ್ಲ ಎಂದು ಓಣಿಯ ಹಿರಿಯರು ಇಂದಿಗೂ ಹೇಳುತ್ತಾರೆ. ನನ್ನ ಗಾಡಿಯಲ್ಲೂ ಅಲುಗುವುದಿಲ್ಲ. ಛಾವಣಿಯನ್ನು ಇಳಿಸಿ ಸುತ್ತಲೂ ಪಟ್ಟಿ ಹೊಡೆದುಬಿಟ್ಟೆ. ಇನ್ನು ಅದು ಮೇಲೇಳುವ ಮಾತಿಲ್ಲ.

ಸಂಜೆ ಲಕ್ಕವ್ವನನ್ನು ಕರೆದು ಒಳಗೆ ಕೂಡಿಸಿ ಬಾಗಿಲು ಹಾಕಿದೆ. ಭೇಷ್ ಎನ್ನುತ್ತಾಳೆ ಎಂದುಕೊಂಡಿದ್ದೆ.

"ಏನ್ರಿ ಇದು, ನೆಲದಾಗಿನ ಜ್ವಾಳದ ಹಗೇದಾಗ ಕುಂತಂಗ ಆಗತೈತಿ. ಒಂದರೆ ಕಿಡಕಿ ಬಿಡ್ರಿ."

"ಒಂದು ಬಿಡಾಕ ನಲವತ್ತು ಯಾಕ ಮುಚ್ಚಬೇಕಾಗಿತ್ತು?" ಎಂದೆ.

ನನ್ನ ಹೆಂಡತಿಗೆ ಇಪ್ಪತ್ತೈದು ವರ್ಷದಿಂದ ನನ್ನ ಕೆಲಸದಲ್ಲಿ ಒಂದು ಐಬು ಕಾಣಲೇಬೇಕು. ಅದಿಲ್ಲದಿದ್ದರೆ ಅವಳಿಗೆ ಉಂಡದ್ದು ಅರಗುವುದಿಲ್ಲ.

ಡಿಸೆಂಬರ್ 10. ರವಿವಾರ. ಅಮೀನಗಡದ ಆಚೆ.

ಹೊರಟೆವು! ಹರೆಯದಲ್ಲಿ ನೂಲಿನ ಲಾರಿ ನಡೆಸಿದ ಕೈ ಇನ್ನೂ ಮರೆತಿಲ್ಲ. ಆದರೂ ಗಾಡಿ ಎತ್ತಿನ ಬಂಡಿಗೆ ದಾರಿ ಬಿಡುವ ವೇಗದಲ್ಲೇ ಬಂತು. ಹುನಗುಂದದಲ್ಲಿ ನೀರು ಕುಡಿಸಿದೆ, ಅಮೀನಗಡದಲ್ಲಿ ಮತ್ತೆ ಕುಡಿಸಿದೆ. ಅವ್ವ ಕರದಂಟು ಕೊಡಿಸಿಕೊಂಡಳು. ಎಪ್ಪತ್ತೆರಡಕ್ಕೆ ನಾಲ್ಕು ಹಲ್ಲು ಉಳಿದಿವೆ, ನಾಲ್ಕಕ್ಕೂ ಕೆಲಸ ಕೊಟ್ಟಳು.

ಊರು ದಾಟಿ ಒಂದು ಬೇವಿನ ಮರದ ಕೆಳಗೆ ಬಿಡಾರ ಹೂಡಿದ್ದೇವೆ. ಸುತ್ತ ಎದೆಯೆತ್ತರದ ಬಿಳಿಜೋಳ. ಮೂರು ಕಲ್ಲು ಹೂಡಿ ಲಕ್ಕವ್ವ ರೊಟ್ಟಿ ಬಡಿದಳು. ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ. ಸಾವಿತ್ರೆವ್ವ ಗಾಡಿಯ ಬಾಗಿಲಲ್ಲಿ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. "ಅಪ್ಪಾ, ಈ ಮನಿ ನಮ್ಮ ಅತ್ತಿಮನಿ ಬಾಗಲಕ್ಕೂ ಹಿಂಗs ನಡಕೋತ ಬರತೈತೇನು?" ಎಂದು ಕೇಳಿದಳು. "ಹೂಂ, ಅವರ ಕಟ್ಟಿ ಹತ್ತಿ ಒಳಗೂ ಬರತೈತಿ," ಎಂದೆ. ಜೋರಾಗಿ ನಕ್ಕಳು. ಚೊಚ್ಚಲ ಕೂಸು ಹೋದ ಮೇಲೆ ಅವಳು ಹೀಗೆ ಬಾಯಿತುಂಬ ನಕ್ಕದ್ದನ್ನು ನಾನು ಕೇಳಿರಲಿಲ್ಲ. ಗಾಡಿಯ ಹಿಂದೆ ಹೋಗಿ ಕಣ್ಣೊರೆಸಿಕೊಂಡೆ.

ಬಾಣಂತಿಯ ಹತ್ತಿರ ರಾತ್ರಿ ಕೆಂಡ ಇರಲೇಬೇಕು. ಮನೆಯಲ್ಲೂ ಮೂರು ತಿಂಗಳಿಂದ ಮಂಚದ ಕೆಳಗೆ ಕೆಂಡದ ಶೆಗಡಿ ಇಟ್ಟಿದ್ದೆವು. ಇಲ್ಲೂ ಅವ್ವ ಅದನ್ನೇ ತಂದಿದ್ದಾಳೆ. ಕೂಸಿನ ಕಣ್ಣಿಗೆ ಹೊಗೆ ಹೋಗಬಾರದೆಂದು ನಾನು ಇದ್ದಲಿಯನ್ನು ಹೊರಗೇ ಹೊತ್ತಿಸಿ, ನಿಗಿನಿಗಿ ಕೆಂಪಾದ ಮೇಲೆ ಒಳಗಿಟ್ಟೆ. ಒಂದು ಚೂರೂ ಹೊಗೆ ಇಲ್ಲ. ಮಗಳು, ಕೂಸು ಮಂಚದ ಮೇಲೆ, ಅವ್ವ ಕೆಳಗೆ ಶೆಗಡಿಯ ಪಕ್ಕ, ಲಕ್ಕವ್ವ ಬಾಗಿಲ ಬಳಿ. ನಾನು ಹೊರಗೆ ಬೇವಿನ ಬುಡದಲ್ಲಿ ಕಂಬಳಿ ಹೊದ್ದು ಇದನ್ನು ಬರೆಯುತ್ತಿದ್ದೇನೆ. ನನ್ನಷ್ಟು ಸುಖಿ ಇವತ್ತು ಈ ತಾಲೂಕಿನಲ್ಲಿ ಯಾರೂ ಇಲ್ಲ.

ಡಿಸೆಂಬರ್ 11. ಸೋಮವಾರ. ಮಲಪ್ರಭೆಯ ದಂಡೆ.

ಮುಂಜಾನೆ ಬಾಗಿಲು ತೆಗೆದರೆ ಮೂವರಿಗೂ ತಲೆಶೂಲಿ. ಅವ್ವ ಹಣೆಗೆ ಸೆರಗು ಬಿಗಿದುಕೊಂಡು ಕುಳಿತಿದ್ದಳು. "ಎಲ್ಲೋ ಗಾಳಿ ಹೊಕ್ಕೈತಿ ಮಗನ," ಎಂದಳು. ನನಗೂ ಅದೇ ಅನುಮಾನ. ದೀಪ ಹಿಡಿದು ಹುಡುಕಿದೆ. ದಾರಿಯ ಕುಲುಕಾಟಕ್ಕೆ ಹಿಂದಿನ ಗಾಜಿನ ಮೂಲೆಯಲ್ಲಿ ಪಟ್ಟಿ ಎದ್ದಿತ್ತು. ಗಂಜಿ ಕಾಯಿಸಿ ಎರಡು ಸುತ್ತು ಹೆಚ್ಚಿಗೆ ಹೊಡೆದೆ.

ಮಧ್ಯಾಹ್ನ ಶಿವಯೋಗ ಮಂದಿರದ ಹತ್ತಿರ ಹೊಳೆಯ ದಂಡೆಗೆ ಬಂದೆವು. ಜಾಗ ಚೆಂದವಿದೆ. ಮಂದಿರದ ಗಂಟೆ ಕೇಳಿಸುತ್ತದೆ. ಹೆಂಗಸರು ನೀರಿಗೆ ಹೋಗಿ ಬಂದ ಮೇಲೆ ತಲೆಶೂಲಿ ಬಿಟ್ಟಿತು. ಹೊಳೆಯ ನೀರಿನ ಗುಣ ಎಂದು ಅವ್ವ ಹೇಳಿದಳು. ಶುಕ್ರವಾರ ದೇವಿಯ ಗುಡಿಗೆ ಹೋಗುವವರೆಗೆ ಇಲ್ಲೇ ಇರುತ್ತೇವೆ.

ಡಿಸೆಂಬರ್ 12. ಮಂಗಳವಾರ.

ಸಾವಿತ್ರೆವ್ವ ಮುಂಜಾನೆ ವಾಂತಿ ಮಾಡಿಕೊಂಡಳು. ನಿನ್ನೆ ಹೊಳೆಯ ದಂಡೆಯಲ್ಲಿ ಬಹಳ ಹೊತ್ತು ಕುಳಿತಿದ್ದಳು, ಅಲ್ಲಿ ಥಂಡಿ ತಾಗಿದೆ. ಹಗಲಿನಲ್ಲೂ ಒಳಗೇ ಇರಬೇಕೆಂದು ಹೇಳಿದ್ದೇನೆ. ಎದುರು ಮಾತಾಡಲಿಲ್ಲ. ಮೊದಲಾಗಿದ್ದರೆ ಹತ್ತು ಮಾತು ಆಡುತ್ತಿದ್ದಳು.

ಕೂಸು ಮಾತ್ರ ಬಂಗಾರದಂಥದ್ದು. ಇಲ್ಲಿಗೆ ಬಂದ ಮೇಲೆ ಅಳುವುದನ್ನೇ ಬಿಟ್ಟಿದೆ. ಹೊತ್ತೇರಿದರೂ ನಿದ್ದೆ, ಹಾಲಿಗೂ ಎಬ್ಬಿಸಬೇಕು. ಕೆನ್ನೆ ನೋಡಿದರೆ ಕೆಂಪು ಕೆಂಪು. ಬೆಚ್ಚಗೆ ಇಟ್ಟರೆ ಕೂಸು ಹೇಗೆ ಕಳೆಗಟ್ಟುತ್ತದೆ ನೋಡು ಎಂದು ಲಕ್ಕವ್ವನಿಗೆ ತೋರಿಸಿದೆ.

"ಕೂಸು ಅಳಬೇಕ್ರಿ. ಅಳದಿದ್ದರ ನನಗ ಅಂಜಿಕಿ," ಎಂದಳು.

ನಾನು ಹೊಳೆಗೆ ಹೋಗಿ ಬರುವಷ್ಟರಲ್ಲಿ ಕೂಸಿನ ತಲೆಯ ಹತ್ತಿರದ ಕಿಟಕಿಗೆ ಕತ್ತರಿ ಹಾಕಿದ್ದಾಳೆ! ಮೂರು ಸುತ್ತು ಪಟ್ಟಿಯನ್ನು ಗೇಣುದ್ದ ಕತ್ತರಿಸಿದ್ದಾಳೆ. ಹಿಂದಿನ ಕೂಸು ಯಾತಕ್ಕೆ ಹೋಯಿತು ಎಂಬುದು ಗೊತ್ತಿದ್ದೂ ಹೀಗೆ ಮಾಡುವವಳಿಗೆ ಏನೆನ್ನಬೇಕು. ಕತ್ತರಿ ಕಸಿದುಕೊಂಡು ಹೊಳೆಗೆ ಎಸೆದೆ. ಕಸಿಯುವಾಗ ಅವಳ ಬೆರಳಿಗೆ ತಾಗಿ ಸ್ವಲ್ಪ ರಕ್ತ ಬಂತು. ಕೈ ಅಡ್ಡ ತಂದವಳು ಅವಳೇ. ಪಟ್ಟಿ ಮತ್ತೆ ಅಂಟಿಸಿದ್ದಾಯಿತು.

ಡಿಸೆಂಬರ್ 13.

ನಿನ್ನೆ ಇಬ್ಬನಿ ಬಹಳ ಎಂದು ನಾನೂ ಒಳಗೆ ಮಲಗಿದೆ. ಬಿಸಿಲು ಏರಿದ ಮೇಲೆ ಎಚ್ಚರ. ಕಾಲು ಎಳೆದರೆ ಬರುವುದಿಲ್ಲ. ಏನೋ ಬರೆಯಬೇಕೆಂದಿದ್ದೆ, ಮರೆತೆ. ಏನೋ ಬರೆಯಬೇಕೆಂದಿದ್ದೆ. ಇವತ್ತು ಮಂಗಳವಾರ. ಊಟ ಬೇಡ.

ಡಿಸೆಂಬರ್ 14. ಗುರುವಾರ.

ನಿನ್ನೆ ಬರೆದದ್ದು ಓದಿದರೆ ನನ್ನ ಅಕ್ಷರವೇ ಅಲ್ಲ ಎನಿಸುತ್ತದೆ. ಬುಧವಾರವನ್ನು ಮಂಗಳವಾರ ಎಂದು ಬರೆದಿದ್ದೇನೆ. ರಾತ್ರಿ ಹೊರಗೆ ಮಲಗಿದ ಮೇಲೆ ನನಗೆ ಹಗುರಾಯಿತು. ಗಂಡಸಿಗೆ ಬಯಲೇ ಸರಿ.

ಒಳಗಿನವರದು ಮಾತ್ರ ದಿನದಿನಕ್ಕೆ ಇಳಿಮುಖ. ಅವ್ವನಿಗೆ ಎದ್ದು ನಿಂತರೆ ಜೋಲಿ ಹೊಡೆಯುತ್ತದೆ. ಥಂಡಿ ಹಿಡಿದಿದೆ, ಇನ್ನೊಂದಿಷ್ಟು ಕೆಂಡ ಬೇಕು ಎನ್ನುತ್ತಾಳೆ. ಇಡುತ್ತೇನೆ. ಮಧ್ಯಾಹ್ನ ಸಾವಿತ್ರೆವ್ವನಿಗೆ ಗಂಜಿ ಕೊಡಲು ಹೋದಾಗ ನನ್ನ ಮುಖವನ್ನೇ ನೋಡುತ್ತ, "ಅಪ್ಪಾ, ನಾವು ಇಲ್ಲಿಗೆ ಬಂದು ಎಷ್ಟು ತಿಂಗಳಾತು?" ಎಂದು ಕೇಳಿದಳು. ಚೇಷ್ಟೆ ಮಾಡುತ್ತಾಳೆ ಎಂದು ನಕ್ಕೆ. ಅವಳು ನಗಲಿಲ್ಲ.

ಪರದೇಶದವರು ಈ ಗಾಡಿ ಸುಮ್ಮನೆ ಬಿಟ್ಟು ಹೋಗಿಲ್ಲ, ಇದರೊಳಗೆ ಏನೋ ಇದೆ ಎಂದು ಅವ್ವ ಗೊಣಗುತ್ತಾಳೆ. ನಾನು ಅಂಥದ್ದನ್ನೆಲ್ಲ ನಂಬುವವನಲ್ಲ. ಗಾಳಿ ಎಲ್ಲೋ ಬರುತ್ತಿದೆ, ಅಷ್ಟೇ. ನನ್ನ ಕೈ ತಪ್ಪಿದ ಒಂದು ಸಂದು ಉಳಿದಿರಬೇಕು. ದೀಪ ಹಿಡಿದು ಮೂರು ಸಲ ನೋಡಿದೆ, ಕುಡಿ ಅಲುಗುವುದಿಲ್ಲ. ಇವತ್ತು ದೀಪವೇ ಮಂಕಾಗಿ ಉರಿಯುತ್ತಿದೆ, ಎಣ್ಣೆ ಕೆಟ್ಟದ್ದಿರಬೇಕು.

ಸಂಜೆ ಲಕ್ಕವ್ವ ಬಂದು, "ನಾ ಕೂಸಿನ ತಗೊಂಡು ನಿಮ್ಮ ಬಾಜೂಕ ಹೊರಗ ಮಲಗ್ತೇನಿ. ಕಾಲಿಗೆ ಬೀಳ್ತೇನಿ," ಎಂದಳು. ಖರೆಯೇ ಬಿದ್ದಳು. ಹುಣ್ಣಿಮೆಯ ಥಂಡಿ, ಹೊಳೆಯ ಮೇಲಿನ ಗಾಳಿ, ಮೂರು ತಿಂಗಳ ಕೂಸು! ಇನ್ನೊಂದು ಕೂಸನ್ನು ನನ್ನ ಕೈಯಾರೆ ಗಾಳಿಗೆ ಕೊಡಲೇನು? ಗದರಿಸಿ ಒಳಗೆ ಕಳಿಸಿದೆ. ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲು ತೆಗೆದಾಳೆಂದು ಹೊರಗಿನಿಂದ ಹಿಡಿಕೆಗೆ ಹಗ್ಗ ಬಿಗಿದಿದ್ದೇನೆ. ನಾಳೆ ಶುಕ್ರವಾರ. ದೇವಿಯ ಪಾದಕ್ಕೆ ಕೂಸನ್ನು ಹಾಕಿದರೆ ಮುಗಿಯಿತು.

ಡಿಸೆಂಬರ್ 16. ಶನಿವಾರ. ಇಳಕಲ್ಲ.

ಅವ್ವ ಹೋದಳು.

ನಿನ್ನೆ ನಸುಕಿನಲ್ಲಿ ಕರೆದೆ. ಯಾರೂ ಓಗೊಡಲಿಲ್ಲ. ಹಗ್ಗದ ಗಂಟು ಇಬ್ಬನಿಗೆ ಬಿಗಿದುಕೊಂಡಿತ್ತು, ಕೊನೆಗೆ ಹಲ್ಲಿನಿಂದ ಬಿಚ್ಚಿದೆ. ಅವ್ವ ಶೆಗಡಿಯ ಪಕ್ಕ ಮಲಗಿದವಳು ಮಲಗಿದಂತೆಯೇ ಇದ್ದಳು. ಮುಖದಲ್ಲಿ ಹರೆಯದ ಹುಡುಗಿಯ ಹಾಗೆ ಕೆಂಪು. ನಾನು ಮೊದಲು ನಿದ್ದೆ ಎಂದೇ ತಿಳಿದೆ. ಮೈ ಮುಟ್ಟಿದಾಗ ಗೊತ್ತಾಯಿತು. ಸಾವಿತ್ರೆವ್ವನನ್ನು ಎಳೆದು ಹೊರಗೆ ಹಾಕಿದೆ, ಲಕ್ಕವ್ವನನ್ನೂ ಎಳೆದೆ. ಬಹಳ ಹೊತ್ತಿನ ಮೇಲೆ ಇಬ್ಬರೂ ಕಣ್ಣು ಬಿಟ್ಟರು. ಕೂಸು ನನ್ನ ಕೈಯಲ್ಲಿ ಜೋತು ಬಿದ್ದಿತ್ತು. ಹೊಳೆಯ ಗಾಳಿ ಮುಖಕ್ಕೆ ಬಡಿದ ಮೇಲೆ ಒಮ್ಮೆ ಬಿಕ್ಕಿತು, ಆಮೇಲೆ ಅತ್ತಿತು. ಆ ಅಳು ಕೇಳಿ ನಾನೂ ಅತ್ತೆ.

ಬಾದಾಮಿಯಿಂದ ಡಾಕ್ಟರು ಬಂದು ನೋಡಿದರು. ವಯಸ್ಸಾಗಿತ್ತು, ನಿದ್ದೆಯಲ್ಲಿ ಹೃದಯ ನಿಂತಿದೆ ಎಂದರು. ಅವ್ವನನ್ನು ಅದೇ ಗಾಡಿಯಲ್ಲಿ ಮನೆಗೆ ತಂದು ನಿನ್ನೆ ಸಂಜೆಯೇ ಮಣ್ಣು ಮಾಡಿದೆವು.

ಇವತ್ತು ಗಾಡಿ ತೊಳೆಯಲು ಹೋದಾಗ ಕಂಡಿತು. ಕೂಸಿನ ತಲೆಯ ಬಳಿ, ನಾನು ಮತ್ತೆ ಅಂಟಿಸಿದ ಪಟ್ಟಿಯನ್ನು ಉಗುರಿನಿಂದ ಕೆರೆದು ಕೆರೆದು ಹರಿಯಲಾಗಿದೆ. ಪಟ್ಟಿಯ ಮೇಲೆ ರಕ್ತದ ಕಲೆ. ಲಕ್ಕವ್ವ ಗುರುವಾರ ರಾತ್ರಿ ಹರಿದಿದ್ದಾಳೆ. ಇಡೀ ಗಾಡಿಯಲ್ಲಿ ಇದ್ದದ್ದು ಅದೊಂದೇ ಸಂದು. ಗಾಳಿ ಬಂದದ್ದು ಅಲ್ಲಿಂದ. ಒಳಗೆ ಹೋಗಿ ಲಕ್ಕವ್ವನ ಮುಂದೆ ನಿಂತು ಹೇಳಿಯೇಬಿಟ್ಟೆ: "ನಮ್ಮವ್ವನ್ನ ಕೊಂದಾಕಿ ನೀನು."

ಅವಳು ತನ್ನ ಉಗುರುಗಳನ್ನು ನೋಡಿಕೊಂಡಳು.

ಡಿಸೆಂಬರ್ 21. ಗುರುವಾರ.

ಜನ ಬರುತ್ತಲೇ ಇದ್ದಾರೆ. ಎಂಥ ಮರಣ, ನೋವಿಲ್ಲ, ನರಳಾಟವಿಲ್ಲ, ಹರಕೆಯ ಐದನೆಯ ರಾತ್ರಿ ಹೊಳೆಯ ದಂಡೆಯಲ್ಲಿ! ದೇವಿಯೇ ಬಂದು ಕರೆದುಕೊಂಡು ಹೋದಳು ಎನ್ನುತ್ತಾರೆ. ಹೋಗುವಾಗ ಗಾಡಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಮುಂದಿನ ಗಾಜಿಗೆ ಯಾರೋ ವಿಭೂತಿ ಬಳಿದಿದ್ದಾರೆ. ನಕ್ಕಿದ್ದ ಹುಲ್ಲಪ್ಪನೂ ನಿನ್ನೆ ಊದುಬತ್ತಿ ಹಚ್ಚಿದ.

ಲಕ್ಕವ್ವನೊಂದಿಗೆ ನಾನು ಮಾತು ಬಿಟ್ಟಿದ್ದೇನೆ. ಅವಳು ಊಟ ಬಿಟ್ಟಿದ್ದಾಳೆ. ಎಲ್ಲರಿಗೂ ನೀಡುತ್ತಾಳೆ, ತನಗೆ ಅರ್ಧ ರೊಟ್ಟಿ ನೀರಿಗೆ ಅದ್ದಿಕೊಂಡು ಒಲೆಯ ಮುಂದೆ ಕೂಡುತ್ತಾಳೆ. ಕೂಸನ್ನು ಮುಟ್ಟುವುದಿಲ್ಲ. ನಿನ್ನೆ ಸಾವಿತ್ರೆವ್ವ ಕೂಸನ್ನು ಅವಳ ಮಡಿಲಿಗೆ ಹಾಕಲು ಹೋದರೆ, "ಬ್ಯಾಡ, ನನ್ನ ಕೈ ಛಲೋ ಇಲ್ಲ," ಎಂದು ಸರಿದಳು. ಪಶ್ಚಾತ್ತಾಪ ಪಡಲಿ. ಪಡಬೇಕಾದ್ದೇ.

ಡಿಸೆಂಬರ್ 25. ಸೋಮವಾರ.

ಕಾಸಿಂಬಿ ಬಂದಿದ್ದಳು. ಸಾವಿತ್ರೆವ್ವನ ಎರಡೂ ಹೆರಿಗೆ ಮಾಡಿಸಿದ ಸೂಲಗಿತ್ತಿ. ತಿಂಗಳಿನಿಂದ ಬೇವೂರಿನಲ್ಲಿ ಮಗಳ ಮನೆಯಲ್ಲಿದ್ದಳು, ಅವ್ವನ ಸುದ್ದಿ ಕೇಳಿ ಬಂದಳು. ಕೂಸಿನ ಕೈಕಾಲು ಚಾಚಿ, ಕಣ್ಣು ಬಿಡಿಸಿ ನೋಡಿದಳು. ಆಮೇಲೆ ಎಲ್ಲಿ ಮಲಗಿದ್ದರು, ಕೆಂಡ ಎಲ್ಲಿತ್ತು ಎಂದು ನನ್ನನ್ನು ಕೇಳಿದಳು. ಗಾಡಿ ತೋರಿಸಿದೆ. ಒಳಗೆ ಹತ್ತಿ ನನ್ನ ಪಟ್ಟಿಗಳ ಮೇಲೆ ಬೆರಳಾಡಿಸುತ್ತ ಸುತ್ತಲೂ ನೋಡಿದಳು. ನನ್ನ ಕೆಲಸವನ್ನು ಅಷ್ಟು ಗಮನವಿಟ್ಟು ನೋಡಿದವರು ಇವಳೊಬ್ಬಳೇ.

"ಇದರಾಗ ಬೆಳಕಿಂಡಿ ಎಲ್ಲೈತಿ ಅಮಾತೆಪ್ಪಣ್ಣ?"

"ಗಾಡಿಗೆ ಎಲ್ಲಿ ಬೆಳಕಿಂಡಿ. ಎಲ್ಲಾ ಮುಚ್ಚೀನಿ."

"ಮುಚ್ಚಿ ಕೆಂಡ ಇಟ್ರ್ಯಾ?"

"ಹೊಗಿ ಇರಲಿಲ್ಲ. ಹೊರಗ ಹೊತ್ತಿಸೇ ಇಟ್ಟಿದ್ದೆ."

ಅವಳು ಮಂಚದ ಮೇಲೆ ಕುಳಿತುಬಿಟ್ಟಳು. "ಹೊಗಿ ಇದ್ದರ ಮನಶ್ಯಾ ಕೆಮ್ಮಿ ಎದ್ದು ಹೊರಗ ಓಡತಾನ. ಹೊಗಿ ಇಲ್ಲದ ಕೆಂಡ ಸುಮ್ಮನ ಕೊಲ್ಲತೈತಿ. ನಿಮ್ಮ ಮನ್ಯಾಗ ಮ್ಯಾಲ ಬೆಳಕಿಂಡಿ ಐತಿ, ಅದರ ವಿಷ ಅಲ್ಲಿಂದ ಹೋಗತಿತ್ತು. ಹುನಗುಂದದಾಗ ಒಂದು ಮನ್ಯಾಗ ನಾನs ನೋಡೀನಿ. ಮಳಿ ಬಂತಂತ ಬೆಳಕಿಂಡಿಗೆ ಕಲ್ಲು ಮುಚ್ಚಿ ಮಲಗಿದ್ರು. ತಾಯಿ ಕೂಸು ಎರಡೂ ಹಂಗs ಹ್ವಾದವು, ಗಲ್ಲ ಕೆಂಪಗ."

ಆಮೇಲೆ ಹರಿದ ಪಟ್ಟಿ ನೋಡಿ, ಇದನ್ನು ಯಾರು ಹರಿದರು ಎಂದು ಕೇಳಿದಳು. ಲಕ್ಕವ್ವ ಎಂದೆ. "ಆಕಿ ಕಾಲ ತೊಳದು ನೀರು ಕುಡೀರಿ," ಎಂದು ಇಳಿದಳು. ಹೋಗುವಾಗ, "ನಾ ಯಾರ ಮುಂದೂ ಬಾಯಿ ಬಿಡಂಗಿಲ್ಲ. ಹೇಳೂದು ನಿಮ್ಮ ಕೆಲಸ," ಎಂದಳು.

ಗುರುತು ಮಾಡಿದ ನಲವತ್ತೊಂದು ಸಂದು. ಒಂದೊಂದರಲ್ಲೂ ಅವರಿಗೆ ಉಸಿರು ಬರುತ್ತಿತ್ತು. ಒಂದೊಂದನ್ನೂ ನಾನು ಮುಚ್ಚಿದೆ. ಬರೆಯಲು ಆಗುವುದಿಲ್ಲ.

ಡಿಸೆಂಬರ್ 27. ಬುಧವಾರ.

ಹೇಳಬೇಕು. ಹೇಳುತ್ತೇನೆ. ಅವ್ವನ ತಿಂಗಳ ಕಾರ್ಯ ಮುಗಿಯಲಿ. ಹೇಳಿದರೆ ಹೋದವಳು ತಿರುಗಿ ಬರುವುದಿಲ್ಲ. ಜನ ಅವ್ವನ ಸಾವಿಗೆ ಕೈ ಮುಗಿಯುತ್ತಿದ್ದಾರೆ, ಅದನ್ನು ಯಾಕೆ ಕೆಡಿಸಲಿ. ಲಕ್ಕವ್ವ ಗಟ್ಟಿ ಹೆಂಗಸು, ನಾಲ್ಕು ದಿನ ಹೆಚ್ಚಾದರೆ ಅವಳಿಗೇನಾಗುತ್ತದೆ. ಇವತ್ತು ನೀರಿನ ಕೊಡ ಎತ್ತುವಾಗ ಜೋಲಿ ಹೊಡೆದು ಗೋಡೆ ಹಿಡಿದಳು. ಮಾತಾಡಿಸಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಯಾರೋ ಬಂದರು.

ಡಿಸೆಂಬರ್ 28. ಗುರುವಾರ.

ಮುಂಜಾನೆ ಹುಲ್ಲಪ್ಪ ಬಂದ. ಹಿಂದೆ ಅವನ ಮಗಳು ಚಂದವ್ವ. ಹೆತ್ತು ತಿಂಗಳಾಗಿದೆ, ಕೂಸನ್ನು ಕಂಬಳಿಯಲ್ಲಿ ಸುತ್ತಿಕೊಂಡಿದ್ದಳು.

"ಅಮಾತೆಪ್ಪಾ, ಎರಡು ದಿನ ಗಾಡಿ ಕೊಡು. ದೇವಿ ಕಡೆ ಹೋಗಿ ಬರತೇವಿ. ನಿಮ್ಮವ್ವ ಪುಣ್ಯಾತಗಿತ್ತಿ, ಆಕಿ ಮಲಗಿದ ಜಾಗದಾಗ ನಮ್ಮ ಕೂಸೂ ಮಲಗಲಿ," ಎಂದ. ಚೇಷ್ಟೆಯ ಹುಲ್ಲಪ್ಪ ಅಲ್ಲ, ಕೈ ಜೋಡಿಸಿ ನಿಂತ ಹುಲ್ಲಪ್ಪ.

"ಎಂಜಿನ್ನು ಸರಿ ಇಲ್ಲ," ಎಂದೆ.

"ಮಲೀಕಸಾಬನ್ನ ಕರಸಿ ನಿನ್ನೆ ನೋಡಿಸೀನಿ. ಗಡಿಯಾರ ಇದ್ದಂಗ ಐತಿ ಅಂದ."

"ಪೆಟ್ರೋಲ್ ಇಲ್ಲ."

"ತಂದೀನಿ."

ನಾನು ಇನ್ನೊಂದು ನೆಪ ಹುಡುಕುತ್ತಿದ್ದೆ. ಅಷ್ಟರಲ್ಲಿ ಚಂದವ್ವ ಗಾಡಿ ಹತ್ತಿ, ಕೂಸನ್ನು ಮಂಚದ ಮೇಲೆ ಮಲಗಿಸಿ, ಒಳಗಿನಿಂದ ಬಾಗಿಲು ಎಳೆದುಕೊಂಡಳು. "ಅಪ್ಪಾ, ಎಷ್ಟು ಬೆಚ್ಚಗೈತಿ ನೋಡು ಬಾ," ಎಂದ ಅವಳ ದನಿ ಎಷ್ಟೋ ದೂರದಿಂದ ಬಂದಂತೆ ಕೇಳಿಸಿತು. ಹುಲ್ಲಪ್ಪ ನಗುತ್ತ ತನ್ನ ಕಟ್ಟೆಗೆ ಹೋಗಿ ಶೆಗಡಿ ಎತ್ತಿಕೊಂಡು ಬಂದ.

ನಾನು ಓಡಿ ಹೋಗಿ ಬಾಗಿಲು ಜಗ್ಗಿದೆ. ಹುಲ್ಲಪ್ಪನ ಕೈಯಿಂದ ಶೆಗಡಿ ಕಸಿದು ಓಣಿಗೆ ಬೀಸಾಡಿದೆ. ಅವನು ಹೌಹಾರಿದ. ಸದ್ದಿಗೆ ಲಕ್ಕವ್ವ, ಸಾವಿತ್ರೆವ್ವ ಇಬ್ಬರೂ ಹೊರಗೆ ಬಂದರು. ಅಕ್ಕಪಕ್ಕದ ಮಗ್ಗಗಳೂ ನಿಂತವು. ಬಾಗಿಲಲ್ಲಿ ಜನ.

"ನಮ್ಮವ್ವನ್ನ ದೇವಿ ಒಯ್ದಿಲ್ಲ ಹುಲ್ಲಪ್ಪಾ," ಎಂದೆ. "ನಾ ಕೊಂದೀನಿ. ಒಂದು ಸಂದೂ ಬಿಡದಂಗ ಮುಚ್ಚಿದಾಂವ ನಾನು, ಒಳಗ ಕೆಂಡ ಇಟ್ಟಾಂವ ನಾನು. ಬ್ಯಾಡ ಅಂದಾಕೀನ ಒಳಗ ನೂಕಿ ಹೊರಗಿಂದ ಹಗ್ಗ ಬಿಗದಾಂವನೂ ನಾನs. ಲಕ್ಕವ್ವ ಉಗುರಲೆ ಆ ಪಟ್ಟಿ ಹರೀದs ಇದ್ದಿದ್ದರ ಅವತ್ತ ಕೂಸನ್ನೂ, ಮಗಳನ್ನೂ ಮಣ್ಣು ಮಾಡಿ ಬರತಿದ್ದೆ. ಇಳಿ ಚಂದವ್ವ. ಕೂಸಿನ ತಗೊಂಡು ಇಳಿ."

ಚಂದವ್ವ ಇಳಿದಳು. ಹುಲ್ಲಪ್ಪ ಅವಳ ಬೆನ್ನ ಮೇಲೆ ಕೈಯಿಟ್ಟು ಮನೆಗೆ ಕರೆದುಕೊಂಡು ಹೋದ. ಸಾವಿತ್ರೆವ್ವ ಕೂಸನ್ನು ತಂದು ತನ್ನವ್ವನ ಕೈಗೆ ಕೊಟ್ಟಳು. ಇವತ್ತು ಲಕ್ಕವ್ವ ಬೇಡ ಎನ್ನಲಿಲ್ಲ. ಎದೆಗೆ ಒತ್ತಿ ಹಿಡಿದುಕೊಂಡು ನನ್ನನ್ನೇ ನೋಡಿದಳು.

"ಯಾವತ್ತ ಗೊತ್ತಾತು ನಿಮಗ?" ಎಂದು ಕೇಳಿದಳು.

"ಸೋಮವಾರ. ಕಾಸಿಂಬಿ ಬಂದಾಗ."

"ಇವತ್ತ ಗುರುವಾರ," ಎಂದಳು.

ಅಷ್ಟೇ ಅಂದದ್ದು. ಒಳಗೆ ಹೋಗಿ, ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು, ತಾಟಿನ ತುಂಬ ರೊಟ್ಟಿ ಪಲ್ಯ ಹಾಕಿಕೊಂಡು ಕುಳಿತು ಉಂಡಳು. ಹನ್ನೆರಡು ದಿನದ ಮೇಲೆ ಅವಳು ಹೊಟ್ಟೆತುಂಬ ಉಣ್ಣುವುದನ್ನು ನಾನು ಪಡಸಾಲೆಯಿಂದ ನೋಡುತ್ತಿದ್ದೆ. ನನ್ನನ್ನು ಊಟಕ್ಕೆ ಕರೆಯಲಿಲ್ಲ.